ಹೊರೆ ಇಳಿದ ಮೇಲಿನ ದಾರಿ: ಬನ್ಯನ್ನನ ಯಾತ್ರಿಕ ಮತ್ತು ಉಳಿದ ಪಾಪದ ಪ್ರಶ್ನೆ

ಜಾನ್ ಬನ್ಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ (ಮೊದಲ ಭಾಗ 1678, ಎರಡನೆಯ ಭಾಗ 1684) ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ 1847ರಲ್ಲಿ ಕನ್ನಡಕ್ಕೆ ಬಂದಿತು. ಕನ್ನಡ ಅನುವಾದ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಈ ಇಸವಿಯನ್ನು ತಪ್ಪದೆ ನಮೂದಿಸಿ, ಕೃತಿಯ ಒಳಕ್ಕೆ ಹೋಗದೆ ಮುಂದೆ ಸಾಗುವುದು ವಾಡಿಕೆಯಾಗಿದೆ. ಆ ಅನುವಾದದ ಗುಣದೋಷಗಳನ್ನು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಶೀರ್ಷಿಕೆಯಲ್ಲಿರುವ ‘ಸಂಚಾರ’ ಎಂಬ ಒಂದು ಮಾತಿನಿಂದ ಹೊರಟು, ಮೂಲಕೃತಿಯ ಒಂದು ತೊಡಕಿನ ಪ್ರಶ್ನೆಯನ್ನು ಬಿಡಿಸಿ ನೋಡಲು ಯತ್ನಿಸಿದ್ದೇವೆ. ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ‘ಪ್ರೋಗ್ರೆಸ್’ ಎಂದರೆ ಮುಖ್ಯವಾಗಿ ಪ್ರಯಾಣ. ಅರಸರು ತಮ್ಮ ನಾಡಿನಲ್ಲಿ ಸವಾರಿ ಹೊರಡುವುದಕ್ಕೂ ಅದೇ ಮಾತು ಸಲ್ಲುತ್ತಿತ್ತು. ಇಂದು ನಾವು ಆ ಪದದಲ್ಲಿ ಮೊದಲು ಕೇಳುವ ‘ಏಳಿಗೆ’, ‘ಪ್ರಗತಿ’ ಎಂಬ ಅರ್ಥಗಳು ಮೇಲುಗೈ ಪಡೆದದ್ದು ಆಮೇಲೆ. ಕನ್ನಡ ಶೀರ್ಷಿಕೆ ಆರಿಸಿಕೊಂಡ ‘ಸಂಚಾರ’ದಲ್ಲಿ ಏರುವಿಕೆಯ ಸುಳಿವೇ ಇಲ್ಲ. ಈ ಆಯ್ಕೆ ಉದ್ದೇಶಪೂರ್ವಕವೋ ಆಕಸ್ಮಿಕವೋ ಆಗಿರಲಿ, ಕೃತಿಯ ನಿಜವಾದ ಚಲನೆಗೆ ಅದು ನಿಷ್ಠವಾಗಿದೆ ಎಂಬುದು ನಮ್ಮ ವಾದ.

ಪ್ರಶ್ನೆ ಇಷ್ಟು: ಮನುಷ್ಯನೊಬ್ಬ ದೇವರ ಕಡೆಗೆ ತಿರುಗಿದ ಮೇಲೆ ಅವನೊಳಗಿನ ಪಾಪ ಏನಾಗುತ್ತದೆ? ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ಬನ್ಯನ್ನನ ಸಂದರ್ಭದಲ್ಲಿ ಪರಿವರ್ತನೆಯೆಂದರೆ ನಾವು ಇಂದು ಬಳಸುವ ಅರ್ಥದ ಮತಾಂತರವಲ್ಲ. ಬೆಡ್‌ಫರ್ಡಿನ ಬಳಿಯ ಎಲ್‌ಸ್ಟೋ ಗ್ರಾಮದಲ್ಲಿ 1628ರಲ್ಲಿ ಹುಟ್ಟಿ, ಪಾತ್ರೆಗಳಿಗೆ ಬೆಸುಗೆ ಹಾಕುವ ಕಸುಬು ಮಾಡಿಕೊಂಡಿದ್ದ ಬನ್ಯನ್ ಹುಟ್ಟಿನಿಂದಲೇ ಕ್ರೈಸ್ತ. ಅವನ ನೆರೆಹೊರೆಯವರೂ ಹಾಗೆಯೇ. ಅವನು ಹೇಳುವುದು ಒಳಗಿನ ತಿರುವನ್ನು. ಕನ್ನಡದ ಕ್ರೈಸ್ತ ಬರವಣಿಗೆಯಲ್ಲಿ ಬಳಕೆಯಾಗಿರುವ ‘ಮಾನಸಾಂತರ’ ಎಂಬ ಪದ ಇದಕ್ಕೆ ಹೆಚ್ಚು ಹೊಂದುತ್ತದೆ. (ಪಾತ್ರಗಳ ಮತ್ತು ಸ್ಥಳಗಳ ಹೆಸರುಗಳನ್ನು ಮುಂದೆ ನಾವೇ ಅರ್ಥಕ್ಕೆ ತಕ್ಕಂತೆ ಕನ್ನಡಿಸಿಕೊಂಡಿದ್ದೇವೆ; ಅವು 1847ರ ಅನುವಾದದಿಂದ ತೆಗೆದವಲ್ಲ.)

ಕಥೆಯ ಹೊರಮೈ ಸುಪರಿಚಿತ. ನಾಶನಗರದ ನಿವಾಸಿಯೊಬ್ಬ ಬೆನ್ನ ಮೇಲೆ ಪಾಪದ ಹೊರೆ ಹೊತ್ತು ಹೊರಡುತ್ತಾನೆ. ನಿರಾಶೆಯ ಕೆಸರಿನಲ್ಲಿ ಬಿದ್ದು ಎದ್ದು, ಕಿರುಬಾಗಿಲನ್ನು ದಾಟಿ, ಶಿಲುಬೆಯ ಬಳಿಗೆ ಬಂದಾಗ ಹೊರೆ ತಾನಾಗಿ ಕಳಚಿ ಉರುಳಿ ಸಮಾಧಿಯ ಬಾಯೊಳಗೆ ಮರೆಯಾಗುತ್ತದೆ. ಹೊಳೆಯುವ ಮೂವರು ಬಂದು ಅವನಿಗೆ ಕ್ಷಮೆಯನ್ನು ಸಾರಿ, ಹೊಸ ಉಡುಪನ್ನು ತೊಡಿಸಿ, ಹಣೆಗೆ ಗುರುತನ್ನಿಟ್ಟು, ಮುದ್ರೆಯುಳ್ಳ ಸುರುಳಿಯೊಂದನ್ನು ಕೈಗೆ ಕೊಡುತ್ತಾರೆ. ಗಮನಿಸಬೇಕಾದದ್ದು ಈ ಘಟನೆಯ ಸ್ಥಾನ. ಮೊದಲ ಭಾಗದ ಸುಮಾರು ಕಾಲಂಶ ಮುಗಿಯುವಷ್ಟರಲ್ಲಿ ಹೊರೆ ಹೋಗಿಬಿಟ್ಟಿರುತ್ತದೆ. ಮುಂದಿನ ಮುಕ್ಕಾಲು ಭಾಗ ಹೊರೆಯಿಲ್ಲದವನ ಪಯಣ. ಆದರೆ ಆ ಮುಕ್ಕಾಲು ಭಾಗವೇ ಹೆಚ್ಚು ಭಯಾನಕವಾಗಿದೆ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಹೆಸರಾಂತ ಬೋಧಕ ಸ್ಪರ್ಜನ್, ಈ ಕೃತಿಯನ್ನು ಬಹುವಾಗಿ ಮೆಚ್ಚಿದವನಾಗಿಯೂ, ಶಿಲುಬೆಯನ್ನು ಕಿರುಬಾಗಿಲಿನ ಬಳಿಯಲ್ಲೇ ಇಡಬೇಕಾಗಿತ್ತೆಂದು ಆಕ್ಷೇಪಿಸಿದ್ದುಂಟು. ಅವನ ದೃಷ್ಟಿಯಲ್ಲಿ ಶಿಲುಬೆ ತಡವಾಗಿ ಬಂದಿತು. ಸಾಹಿತ್ಯದ ಓದುಗರಾದ ನಮಗೆ ಎದುರಾಗುವುದು ಇದಕ್ಕೆ ವಿರುದ್ಧವಾದ ಬೆರಗು: ಬಿಡುಗಡೆ ಇಷ್ಟು ಬೇಗ ಬಂದ ಮೇಲೆ ಇಷ್ಟು ಉದ್ದದ ದಾರಿ ಏಕೆ?

ಈ ಪ್ರಶ್ನೆಗೆ ದೈವಶಾಸ್ತ್ರದ ಸಿದ್ಧ ಉತ್ತರವಿದೆ. ಪ್ರೊಟೆಸ್ಟೆಂಟ್ ಚಿಂತನೆ ಎರಡು ಸಂಗತಿಗಳನ್ನು ಬೇರ್ಪಡಿಸುತ್ತದೆ: ದೇವರು ಪಾಪಿಯನ್ನು ನೀತಿವಂತನೆಂದು ಎಣಿಸುವುದು ಒಂದು, ಅವನನ್ನು ಕ್ರಮೇಣ ಪರಿಶುದ್ಧನನ್ನಾಗಿ ಮಾಡುವುದು ಇನ್ನೊಂದು. ಮೊದಲನೆಯದು ಒಮ್ಮೆಗೇ ಆಗುವ ತೀರ್ಪು, ಎರಡನೆಯದು ಬದುಕಿನುದ್ದದ ಕ್ರಿಯೆ. ಹೊರೆ ಬಿದ್ದದ್ದು ಮೊದಲನೆಯದು, ದಾರಿ ಎರಡನೆಯದು ಎಂದು ಪಾಠ ಹೇಳಿ ಮುಗಿಸಬಹುದು. ತರಗತಿಗಳಲ್ಲಿ ಮುಗಿಸುತ್ತಲೂ ಇದ್ದಾರೆ. ಆದರೆ ಎರಡನೆಯದರ ಆಕೃತಿ ಏನೆಂಬ ವಿಷಯದಲ್ಲಿ ಕ್ರೈಸ್ತ ಪರಂಪರೆಯೇ ಒಮ್ಮತಕ್ಕೆ ಬಂದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಪೌಲನು ತಾನು ಬಯಸುವ ಒಳಿತನ್ನು ಮಾಡಲಾರದೆ, ಬಯಸದ ಕೆಡುಕನ್ನೇ ಮಾಡುತ್ತಿರುವ ಸಂಕಟವನ್ನು ತೋಡಿಕೊಳ್ಳುತ್ತಾನೆ. ಈ ‘ನಾನು’ ಯಾರು? ಇನ್ನೂ ಕೃಪೆಯನ್ನು ಅರಿಯದ ಮನುಷ್ಯನೋ, ಅರಿತ ವಿಶ್ವಾಸಿಯೋ? ಅಗಸ್ಟೀನ್ ಮೊದಲು ಅದನ್ನು ಕೃಪೆಗೆ ಮುಂಚಿನ ಸ್ಥಿತಿಯೆಂದು ವ್ಯಾಖ್ಯಾನಿಸಿ, ಪೆಲಾಜಿಯಸ್ಸನ ಮತದೊಡನೆ ವಾದಿಸುತ್ತಿದ್ದ ಕಾಲದಲ್ಲಿ ನಿಲುವನ್ನು ಬದಲಿಸಿ, ವಿಶ್ವಾಸಿಯ ಒಳಗೂ ಆ ಸೀಳು ಉಳಿದಿರುತ್ತದೆಂದನು. ಲೂಥರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಶ್ವಾಸಿ ಏಕಕಾಲದಲ್ಲಿ ನೀತಿವಂತನೂ ಹೌದು, ಪಾಪಿಯೂ ಹೌದು ಎಂಬ ಸೂತ್ರವನ್ನು ಕೊಟ್ಟನು. ಬನ್ಯನ್ನನಿಗೆ ಲೂಥರನ ಗಲಾತ್ಯ ಪತ್ರಿಕೆಯ ವ್ಯಾಖ್ಯಾನದ ಮುಟ್ಟಿದರೆ ಉದುರುವಂಥ ಹಳೆಯ ಪ್ರತಿಯೊಂದು ಸಿಕ್ಕಿತ್ತು. ಗಾಯಗೊಂಡ ಅಂತಃಸಾಕ್ಷಿಗೆ, ಬೈಬಲನ್ನು ಬಿಟ್ಟರೆ, ಅದರಷ್ಟು ಒದಗುವ ಪುಸ್ತಕವಿಲ್ಲವೆಂದು ಅವನು ತನ್ನ ಆತ್ಮಕಥನದಲ್ಲಿ ಒಪ್ಪಿದ್ದಾನೆ. ಇನ್ನೊಂದು ತುದಿಯಲ್ಲಿ ಜಾನ್ ವೆಸ್ಲಿ ಇದ್ದಾನೆ. ಪಾಪವು ವಿಶ್ವಾಸಿಯಲ್ಲಿ ಆಳುವುದಿಲ್ಲವಾದರೂ ಉಳಿದಿರುತ್ತದೆಂದು 1763ರ ಪ್ರವಚನದಲ್ಲಿ ವಾದಿಸಿದ ಅವನೇ, 1766ರ ಗ್ರಂಥದಲ್ಲಿ ಈ ಬದುಕಿನಲ್ಲೇ ಪ್ರೀತಿಯ ಪರಿಪೂರ್ಣತೆ ಸಾಧ್ಯವೆಂಬ ತನ್ನ ಬೋಧನೆಯನ್ನು ಸಮರ್ಥಿಸಿದನು. ಇದೇ ವೆಸ್ಲಿ 1743ರಲ್ಲಿ ಬನ್ಯನ್ನನ ಕೃತಿಯನ್ನು ಸಂಕ್ಷೇಪಿಸಿ ಅಚ್ಚು ಹಾಕಿಸಿದ್ದ ಎಂಬುದು ಸ್ವಾರಸ್ಯಕರ.

ಬನ್ಯನ್ ಈ ವಾದದಲ್ಲಿ ಎಲ್ಲಿ ನಿಲ್ಲುತ್ತಾನೆಂಬುದನ್ನು ಸೌಂದರ್ಯಮಂದಿರದ ಪ್ರಸಂಗ ಸ್ಪಷ್ಟಪಡಿಸುತ್ತದೆ. ಶಿಲುಬೆಯನ್ನು ದಾಟಿ, ಕಷ್ಟಗಿರಿಯನ್ನೇರಿ, ಸರಪಳಿ ಬಿಗಿದ ಸಿಂಹಗಳ ನಡುವೆ ನುಸುಳಿ ಬಂದ ಯಾತ್ರಿಕನನ್ನು ಅಲ್ಲಿಯ ಕನ್ಯೆಯರು ವಿಚಾರಿಸುತ್ತಾರೆ. ವಿವೇಕಳೆಂಬವಳು ಕೇಳುವ ಪ್ರಶ್ನೆಗಳು ನಯವಾದವು, ಆದರೆ ಹರಿತವಾದವು. ಬಿಟ್ಟು ಬಂದ ನಾಡಿನ ನೆನಪು ಬರುವುದೇ? ಅಲ್ಲಿಯ ವಿಷಯಗಳಲ್ಲಿ ಕೆಲವನ್ನು ಈಗಲೂ ಒಳಗೆ ಹೊತ್ತು ತಂದಿರುವೆಯಾ? ಯಾತ್ರಿಕ ಸಂಕೋಚವಿಲ್ಲದೆ ಹೌದೆನ್ನುತ್ತಾನೆ. ತನಗಿಷ್ಟವಿಲ್ಲದೆಯೇ ಅವು ಬರುತ್ತವೆ, ಮುಖ್ಯವಾಗಿ ತಾನೂ ತನ್ನ ನಾಡಿಗರೂ ಒಮ್ಮೆ ಸವಿದಿದ್ದ ಒಳಗಿನ ಆಲೋಚನೆಗಳು, ಎನ್ನುತ್ತಾನೆ. ಅವಳು ಮತ್ತೆ ಕೇಳುತ್ತಾಳೆ: ಅವು ಸೋತಂತೆ ಕಾಣುವ ಗಳಿಗೆಗಳೂ ಇರುತ್ತವಲ್ಲ, ಯಾವುದರಿಂದ ಹಾಗಾಗುತ್ತದೆಂದು ನಿನಗೆ ನೆನಪಿದೆಯೇ? ಅವನ ಉತ್ತರದಲ್ಲಿ ನಾಲ್ಕು ಸಂಗತಿಗಳಿವೆ. ಶಿಲುಬೆಯ ಬಳಿ ಕಂಡದ್ದನ್ನು ನೆನೆದಾಗ, ಮೈಮೇಲಿನ ಕಸೂತಿಯ ಉಡುಪನ್ನು ನೋಡಿಕೊಂಡಾಗ, ಎದೆಯಲ್ಲಿಟ್ಟುಕೊಂಡ ಸುರುಳಿಯನ್ನು ತೆರೆದು ನೋಡಿದಾಗ, ಹೋಗಿ ಸೇರಬೇಕಾದ ಊರಿನ ವಿಚಾರ ಮನಸ್ಸಿನಲ್ಲಿ ಕಾವೇರಿದಾಗ.

ಇಡೀ ಕೃತಿಯ ಕೀಲು ಈ ಉತ್ತರದಲ್ಲಿದೆ. ವ್ರತವಿಲ್ಲ, ಉಪವಾಸವಿಲ್ಲ, ಸಂಕಲ್ಪಬಲದ ಮಾತಿಲ್ಲ. ಪಾಪವನ್ನು ಎದುರಿಸುವ ನಾಲ್ಕು ಉಪಾಯಗಳಲ್ಲಿ ಮೂರು ಆಗಿಹೋದ ಒಂದೇ ಘಟನೆಗೆ ಸೇರಿದವು. ನಾಲ್ಕನೆಯದು ಇನ್ನೂ ಕಾಣದ ಊರಿಗೆ ಸೇರಿದ್ದು. ಎಲ್ಲವೂ ನೆನಪಿನ ಮತ್ತು ನೋಟದ ಕ್ರಿಯೆಗಳೇ. ಇಷ್ಟಾದರೂ ಯಾತ್ರಿಕ ಬಳಸುವ ಕ್ರಿಯಾಪದಗಳು ಜಾಗರೂಕವಾಗಿವೆ: ಅವು ನಾಶವಾಗುತ್ತವೆ ಎನ್ನುವುದಿಲ್ಲ, ಆಗಾಗ ಸೋತಂತಾಗುತ್ತವೆ ಎನ್ನುತ್ತಾನೆ. ಹಾಗಾಗಿ ಅವನ ದೊಡ್ಡ ಸೋಲುಗಳೂ ಮರೆವಿನ ರೂಪದಲ್ಲೇ ಬರುತ್ತವೆ. ಕಷ್ಟಗಿರಿಯ ನಡುವಿನ ಲತಾಮಂಟಪದಲ್ಲಿ ನಿದ್ದೆ ಹೋಗಿ ಅವನು ಕಳೆದುಕೊಳ್ಳುವುದು ಸುರುಳಿಯನ್ನು; ಅದಕ್ಕಾಗಿ ನಡೆದ ದಾರಿಯನ್ನೇ ಮತ್ತೆ ನಡೆಯಬೇಕಾಗುತ್ತದೆ. ಸಂದೇಹದುರ್ಗದಲ್ಲಿ ನಿರಾಶೆಯೆಂಬ ದೈತ್ಯ ಅವನನ್ನೂ ಜೊತೆಗಾರ ಆಶಾವಂತನನ್ನೂ ಬುಧವಾರದಿಂದ ಶನಿವಾರದವರೆಗೆ ಕತ್ತಲೆಕೋಣೆಯಲ್ಲಿಟ್ಟು ಬಡಿದು, ಆತ್ಮಹತ್ಯೆಗೆ ಪ್ರಚೋದಿಸುತ್ತಾನೆ. ಬೆಳಗಿನ ಜಾವದಲ್ಲಿ ಯಾತ್ರಿಕನಿಗೆ ಥಟ್ಟನೆ ಹೊಳೆಯುತ್ತದೆ: ವಾಗ್ದಾನವೆಂಬ ಬೀಗದ ಕೈ ತನ್ನ ಎದೆಯಲ್ಲೇ ಇದೆ! ಬೀಗದ ಕೈ ಹೊಸದಾಗಿ ದೊರೆಯುವುದಿಲ್ಲ. ಮೊದಲಿನಿಂದಲೂ ಇದ್ದದ್ದು ಮರೆತುಹೋಗಿತ್ತು. ಕಥನದ ದೃಷ್ಟಿಯಿಂದ ಇದು ತೀರ ಸುಲಭದ ಪರಿಹಾರವೆಂದು ದೂರುವ ವಿಮರ್ಶಕರು, ಸೌಂದರ್ಯಮಂದಿರದ ಸಂಭಾಷಣೆಯನ್ನು ಸರಿಯಾಗಿ ಓದಿಲ್ಲವೆಂದೇ ಹೇಳಬೇಕಾಗುತ್ತದೆ.

ಅಪೊಲ್ಲಿಯನ್ನನೊಡನೆ ನಡೆಯುವ ಕಾಳಗದ ಪೂರ್ವಭಾಗವೂ ಇದನ್ನೇ ಹೇಳುತ್ತದೆ. ರಾಕ್ಷಸ ಮೊದಲು ಆಯುಧವೆತ್ತುವುದಿಲ್ಲ, ಪಟ್ಟಿ ಓದುತ್ತಾನೆ: ಕೆಸರಿನಲ್ಲಿ ಧೈರ್ಯಗೆಟ್ಟೆ, ಹೊರೆಯಿಳಿಸಲು ಅಡ್ಡದಾರಿ ಹಿಡಿದೆ, ನಿದ್ದೆ ಹೋಗಿ ಬೆಲೆಯುಳ್ಳದ್ದನ್ನು ಕಳೆದೆ, ಸಿಂಹಗಳನ್ನು ಕಂಡು ಹಿಂದೆಗೆದೆ, ಒಳಗೊಳಗೇ ಕೀರ್ತಿಯನ್ನು ಬಯಸಿದೆ. ಇವುಗಳಲ್ಲಿ ಕೆಲವು ಶಿಲುಬೆಯ ನಂತರದವು ಎಂಬುದನ್ನು ಮರೆಯಬಾರದು. ಯಾತ್ರಿಕ ಒಂದನ್ನೂ ಅಲ್ಲಗಳೆಯುವುದಿಲ್ಲ. ನೀನು ಬಿಟ್ಟಿರುವುದೂ ಬಹಳವಿದೆ ಎಂದು ಪಟ್ಟಿಯನ್ನು ತಾನೇ ಬೆಳೆಸುತ್ತಾನೆ. ಒಪ್ಪಿಕೊಂಡವನ ಮೇಲೆ ಆರೋಪಕ್ಕೆ ಹಿಡಿತ ಸಿಗುವುದಿಲ್ಲ. ರಾಕ್ಷಸ ಸಿಟ್ಟಿಗೆದ್ದು ಯುದ್ಧಕ್ಕೆ ನಿಲ್ಲುವುದು ಈ ಮಾತಿನ ಬೆನ್ನಿಗೇ.

ಇನ್ನು ನಮ್ಮ ಅಧ್ಯಯನ ಕ್ಷೇತ್ರಕ್ಕೆ ಹೆಚ್ಚು ಸಂಬಂಧಿಸಿದ ಮಾತು. ಮಧ್ಯಯುಗದ ಕನ್ನಡ ಸಾಹಿತ್ಯವನ್ನು ಓದಿ ಬಂದವರಿಗೆ ಬನ್ಯನ್ನನ ದಾರಿಯನ್ನು ಕಂಡೊಡನೆ ಷಟ್‌ಸ್ಥಲ ನೆನಪಾಗುವುದು ಸಹಜ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳನ್ನು ಕೆಸರು, ಶಿಲುಬೆ, ಮಂದಿರ, ಕಣಿವೆ, ಬೆಟ್ಟ, ನದಿಗಳಿಗೆ ಹೊಂದಿಸಿ ಕೋಷ್ಟಕ ಹಾಕಬಹುದು. ತೌಲನಿಕ ಅಧ್ಯಯನದ ಹೆಸರಿನಲ್ಲಿ ಇಂತಹ ಕೋಷ್ಟಕಗಳಿಗೆ ನಮ್ಮಲ್ಲಿ ಬರವಿಲ್ಲ. ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ತೌಲನಿಕ ಸಾಹಿತ್ಯ ವಿಭಾಗಗಳ ನೆರೆಯಲ್ಲಿ ಕುಳಿತು ಕೆಲಸ ಮಾಡುವ ಕನ್ನಡ ಸಂಶೋಧಕರ ಮೇಲೆ ಈ ಆಕರ್ಷಣೆಯ ಒತ್ತಡ ಇನ್ನೂ ಹೆಚ್ಚು. ಇದರಿಂದ ಎರಡೂ ಕಡೆಗೆ ಅನ್ಯಾಯವಾಗುತ್ತದೆ. ಷಟ್‌ಸ್ಥಲವನ್ನು ಬರಿಯ ಮೆಟ್ಟಿಲುಸಾಲೆಂದು ತಿಳಿಯುವುದೇ ಪೂರ್ತಿ ಸರಿಯಲ್ಲ. ಒಂದೊಂದು ಸ್ಥಲದೊಳಗೂ ಉಳಿದ ಸ್ಥಲಗಳು ಅಂತರ್ಗತವಾಗಿರುವ ವಿಂಗಡಣೆ ಅದರಲ್ಲಿಯೇ ಇದೆ. ಬಸವಣ್ಣನವರ ವಚನಗಳನ್ನು ಸ್ಥಲಾನುಸಾರ ಜೋಡಿಸಿದಾಗ ಅತಿ ದೊಡ್ಡ ಪಾಲು ಭಕ್ತಸ್ಥಲಕ್ಕೇ ಸೇರುತ್ತದೆ. ಮನಸ್ಸಿನ ಚಂಚಲತೆಯನ್ನು ಹಳಿದುಕೊಳ್ಳುವ ಪ್ರಸಿದ್ಧ ವಚನಗಳು ಹೆಚ್ಚಾಗಿ ಅಲ್ಲಿವೆ. ಇಷ್ಟಿದ್ದೂ ಆ ವ್ಯವಸ್ಥೆಗೆ ಐಕ್ಯವೆಂಬ ಕೊನೆಯಿದೆ. ಅಂಗ–ಲಿಂಗಗಳ ನಡುವಿನ ಅಂತರ ಅಲ್ಲಿ ಅಳಿಯುತ್ತದೆ. ಬನ್ಯನ್ನನ ಯಾತ್ರಿಕನಾದರೋ ನದಿಯನ್ನು ದಾಟಿದ ಮೇಲೂ ಅರಸನ ಪ್ರಜೆಯಾಗಿಯೇ ನಗರವನ್ನು ಹೊಗುತ್ತಾನೆ.

ಹೋಲಿಕೆ ಬೇಕೇ ಬೇಕೆಂದರೆ ಜೈನರ ಗುಣಸ್ಥಾನಗಳ ಸಿದ್ಧಾಂತ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಅದೂ ಸಾಮ್ಯಕ್ಕಿಂತ ವೈದೃಶ್ಯಕ್ಕಾಗಿ. ಹದಿನಾಲ್ಕು ಗುಣಸ್ಥಾನಗಳಲ್ಲಿ ನಾಲ್ಕನೆಯದಕ್ಕೆ ಬಂದ ಜೀವಕ್ಕೆ ಸಮ್ಯಗ್‌ದರ್ಶನ ಲಭಿಸಿರುತ್ತದೆ, ವಿರತಿ ಇನ್ನೂ ಇರುವುದಿಲ್ಲ. ದೃಷ್ಟಿ ತಿರುಗಿದ ಮೇಲೂ ಕಷಾಯಗಳು ಉಳಿಯುತ್ತವೆ ಎಂಬುದನ್ನು ಈ ಶಾಸ್ತ್ರ ಎಷ್ಟು ನಿಖರವಾಗಿ ಗುರುತಿಸಿದೆ! ಮುಂದೆ ಎರಡು ಶ್ರೇಣಿಗಳಿವೆ. ಮೋಹವನ್ನು ಅಡಗಿಸುತ್ತ ಏರುವ ಉಪಶಮ ಶ್ರೇಣಿಯ ಜೀವ ಹನ್ನೊಂದನೆಯ ಉಪಶಾಂತಮೋಹದವರೆಗೆ ಹೋಗಿ, ಬೂದಿ ಮುಚ್ಚಿದ ಕೆಂಡ ಮತ್ತೆ ಹೊತ್ತಿಕೊಂಡಂತಾಗಿ, ಕೆಳಗೆ ಬೀಳಲೇಬೇಕು. ಮೋಹವನ್ನು ಕ್ಷಯಗೊಳಿಸುತ್ತ ಏರುವ ಕ್ಷಪಕ ಶ್ರೇಣಿಯ ಜೀವ ಹತ್ತರಿಂದ ನೇರವಾಗಿ ಹನ್ನೆರಡಕ್ಕೆ ಸಾಗುತ್ತದೆ, ಅದಕ್ಕೆ ಪತನವಿಲ್ಲ. ಪಾಪ ಅಡಗುತ್ತದೆಯೋ ನಿರ್ಮೂಲವಾಗುತ್ತದೆಯೋ ಎಂದು ವೆಸ್ಲಿಯ ನಂತರದ ಕ್ರೈಸ್ತ ಪಂಗಡಗಳು ನಡೆಸಿದ ವಾಗ್ವಾದವನ್ನು ಈ ಎರಡು ಶ್ರೇಣಿಗಳ ಪರಿಭಾಷೆಯಲ್ಲಿ ಕನ್ನಡ ವಿದ್ಯಾರ್ಥಿಗೆ ತಿಳಿಸಿಕೊಡುವುದು ಸುಲಭ. ಆದರೆ ಬನ್ಯನ್ ಈ ಎರಡರಲ್ಲಿ ಯಾವುದಕ್ಕೂ ಒಗ್ಗುವುದಿಲ್ಲ. ಬೀಳುವ ಭಯ ಅವನಲ್ಲಿ ಕೊನೆಯವರೆಗೂ ಇದೆ. ನಗರದ ಹೆಬ್ಬಾಗಿಲ ಬಳಿಯಿಂದಲೂ ನರಕಕ್ಕೊಂದು ದಾರಿಯಿದೆ. ಏರಿದ ಲೆಕ್ಕ ಮಾತ್ರ ಎಲ್ಲಿಯೂ ಇಲ್ಲ. ದಾರಿಯಲ್ಲಿ ಮುಂದಿರುವವನು ಒಳಗೂ ಮುಂದಿರಬೇಕೆಂಬ ನಿಯಮವಿಲ್ಲ. ಕೊನೆಯ ನದಿಯಲ್ಲಿ ಮುಳುಗಿ ಧೈರ್ಯಗೆಡುವವನು ಹಳಬನಾದ ಯಾತ್ರಿಕನೇ; ಮಧ್ಯದಲ್ಲಿ ಬಂದು ಸೇರಿದ ಆಶಾವಂತನೇ ಅವನ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತಾನೆ.

ಸ್ಟ್ಯಾನ್ಲಿ ಫಿಶ್ 1972ರ ‘ಸೆಲ್ಫ್-ಕನ್ಸ್ಯೂಮಿಂಗ್ ಆರ್ಟಿಫ್ಯಾಕ್ಟ್ಸ್’ ಗ್ರಂಥದಲ್ಲಿ ಈ ಅಂಶವನ್ನು ಬಲವಾಗಿ ಮಂಡಿಸಿದ್ದಾರೆ. ದಾರಿಯ ರೂಪಕ ಓದುಗನಲ್ಲಿ ಪ್ರಗತಿಯ ನಿರೀಕ್ಷೆಯನ್ನು ಹುಟ್ಟಿಸಿ, ಕೃತಿ ಆ ನಿರೀಕ್ಷೆಯನ್ನೇ ಕೆಡವುತ್ತ ಹೋಗುತ್ತದೆಂಬುದು ಅವರ ಓದಿನ ಸಾರ. ಇದನ್ನು ನಾವು ಅರ್ಧ ಒಪ್ಪುತ್ತೇವೆ. ಏಣಿಯಿಲ್ಲವೆಂಬುದು ನಿಜ, ಆದರೆ ಬೆಳವಣಿಗೆಯೇ ಇಲ್ಲವೆಂದಾಗುವುದಿಲ್ಲ. ಸಂದೇಹದುರ್ಗದಿಂದ ತಪ್ಪಿಸಿಕೊಂಡ ಇಬ್ಬರೂ ತಾವು ದಾರಿ ತಪ್ಪಿದ ಕಡವಿನ ಬಳಿ ಎಚ್ಚರಿಕೆಯ ಬರಹವಿರುವ ಕಂಬವೊಂದನ್ನು ನಿಲ್ಲಿಸುತ್ತಾರೆ. ಮುಂದೆ ಬಂದ ಅನೇಕರು ಅದನ್ನೋದಿ ಉಳಿದುಕೊಂಡರೆಂದು ಬನ್ಯನ್ ಹೇಳುತ್ತಾನೆ. ಪಾಪದ ಅನುಭವ ಇಲ್ಲಿ ಇನ್ನೊಬ್ಬರ ಬಳಕೆಗೆ ಒದಗುವ ತಿಳಿವಾಗಿದೆ. ಮೋಹಕ ಭೂಮಿಯಲ್ಲಿ ನಿದ್ದೆ ಬಾರದಿರಲೆಂದು ಯಾತ್ರಿಕ ಆಶಾವಂತನನ್ನು ಮಾತಿಗೆಳೆಯುವುದೂ ಇಂಥದ್ದೇ. ಲತಾಮಂಟಪದಲ್ಲಿ ಒಂಟಿಯಾಗಿ ಮಲಗಿದವನು ಈಗ ಎಚ್ಚರವಾಗಿರಲು ಜೊತೆ ಬೇಕೆಂದು ಅರಿತಿದ್ದಾನೆ. ಬೆಳೆದದ್ದು ಇದು. ಮ್ಯಾಕ್ಸ್ ವೇಬರ್ ಈ ಕೃತಿಯ ಆರಂಭವನ್ನು, ಎಂದರೆ ಹೆಂಡತಿಮಕ್ಕಳ ಕೂಗು ಕೇಳಿಸದಂತೆ ಕಿವಿಗೆ ಬೆರಳಿಟ್ಟುಕೊಂಡು ಓಡುವ ದೃಶ್ಯವನ್ನು, ಕ್ಯಾಲ್ವಿನ್ ಪಂಥದ ಒಳಗಿನ ಏಕಾಂಗಿತನಕ್ಕೆ ನಿದರ್ಶನವಾಗಿ ಎತ್ತಿಕೊಂಡನು. ಆರಂಭದ ಮಟ್ಟಿಗೆ ಅದು ಸರಿ. ಕೊನೆಯ ನದಿಯವರೆಗೆ ಓದಿದವರಿಗೆ ಅದು ಅರ್ಧ ಸತ್ಯವೆಂದು ತೋರುತ್ತದೆ.

ಯಾರು ಬೆಳೆಯುವುದಿಲ್ಲ ಎಂಬುದನ್ನು ಅಜ್ಞಾನನೆಂಬ ಯುವಕನ ಪಾತ್ರ ತೋರಿಸುತ್ತದೆ. ಅವನು ದುಷ್ಟನಲ್ಲ, ಪ್ರಾರ್ಥಿಸುತ್ತಾನೆ, ಉಪವಾಸ ಮಾಡುತ್ತಾನೆ, ಸಾಲ ತೀರಿಸುತ್ತಾನೆ. ತನ್ನ ಹೃದಯ ಅಷ್ಟು ಕೆಟ್ಟದ್ದೆಂದು ಮಾತ್ರ ಅವನು ನಂಬಲಾರ. ಅವನು ನದಿಯನ್ನು ಎಲ್ಲರಿಗಿಂತ ಸುಲಭವಾಗಿ ದೋಣಿಯಲ್ಲಿ ದಾಟುತ್ತಾನೆ. ಬಾಗಿಲಲ್ಲಿ ತೋರಿಸಲು ಸುರುಳಿಯಿಲ್ಲದೆ ಕೈಕಾಲು ಕಟ್ಟಿಸಿಕೊಂಡು ನರಕಕ್ಕೆ ಹೋಗುತ್ತಾನೆ. ಈ ಮುಕ್ತಾಯ ಕ್ರೂರವಾದದ್ದೆಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಹರಟುವ ಚಪಲವನ್ನೂ ಉಡಾಫೆಯನ್ನೂ ನಗೆಯಲ್ಲಿ ತೇಲಿಸಬಲ್ಲ ಲೇಖಕ ಇಲ್ಲಿ ಸಿದ್ಧಾಂತದ ಕಾಠಿನ್ಯಕ್ಕೆ ಸೋತಿದ್ದಾನೆ. ಆದರೆ ಪಾತ್ರದ ತರ್ಕ ಖಚಿತವಾಗಿದೆ. 1666ರಲ್ಲಿ ಸೆರೆಮನೆಯಲ್ಲಿದ್ದಾಗ ಪ್ರಕಟಿಸಿದ ‘ಗ್ರೇಸ್ ಅಬೌಂಡಿಂಗ್’ ಎಂಬ ಆತ್ಮಕಥನದ ಮುಕ್ತಾಯದಲ್ಲಿ ಬನ್ಯನ್ ಇಂದಿಗೂ ತನ್ನ ಹೃದಯದಲ್ಲಿರುವ ಏಳು ಹೇಯಗಳನ್ನು ಎಣಿಸುತ್ತಾನೆ: ಅವಿಶ್ವಾಸದ ಒಲವು, ಕ್ರಿಸ್ತನ ಪ್ರೀತಿಯ ಮರೆವು, ಪ್ರಾರ್ಥನೆಯಲ್ಲಿ ಅಲೆದಾಟ, ಹೀಗೆ. ಬೋಧಕನಾಗಿ ಹೆಸರು ಪಡೆದು, ಬೋಧನೆಗಾಗಿಯೇ 1660ರಿಂದ ಸೆರೆಯಲ್ಲಿದ್ದವನ ಮಾತಿದು. ಪಟ್ಟಿ ವರ್ತಮಾನ ಕಾಲದಲ್ಲಿದೆ. ಮುಂದೆ ಆ ಏಳರಿಂದ ತನಗಾಗುವ ಒಳಿತುಗಳನ್ನೂ ಅಷ್ಟೇ ಸಂಖ್ಯೆಯಲ್ಲಿ ಎಣಿಸುತ್ತಾನೆ. ಅವು ತನ್ನನ್ನು ತಾನು ನಂಬದಂತೆ ಮಾಡುತ್ತವೆ, ಪ್ರಾರ್ಥಿಸುವಂತೆ ಮಾಡುತ್ತವೆ, ಎಚ್ಚರವಾಗಿಡುತ್ತವೆ.

ಇಲ್ಲಿರುವುದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಈ ಕೃತಿಯನ್ನು ಏಣಿಯೆಂದು ಓದಿಸಿದರೆ, ನಂಬಿಕೆಯ ಹಾದಿಗೆ ಬಂದ ಹಲವು ವರ್ಷಗಳ ಮೇಲೂ ಹಳೆಯ ದೌರ್ಬಲ್ಯವನ್ನು ಒಳಗೆ ಕಾಣುವ ಓದುಗನಿಗೆ ಎರಡೇ ಆಯ್ಕೆ ಉಳಿಯುತ್ತವೆ: ತನ್ನ ತಿರುವೇ ಸುಳ್ಳೆಂದು ಹತಾಶನಾಗುವುದು, ಇಲ್ಲವೆ ಮೇಲಿನ ಮೆಟ್ಟಿಲಲ್ಲಿರುವಂತೆ ನಟಿಸುವುದು. ಎರಡೂ ಸ್ಥಿತಿಗಳಿಗೆ ಬನ್ಯನ್ ಹೆಸರಿಟ್ಟಿದ್ದಾನೆ; ಒಂದು ದುರ್ಗವಾಗಿ, ಇನ್ನೊಂದು ಗೋಡೆ ಹತ್ತಿ ದಾರಿಗಿಳಿದ ಕಪಟಿಯಾಗಿ ಕಥೆಯಲ್ಲಿವೆ.

ಎರಡನೆಯ ಭಾಗವನ್ನು ವಿಮರ್ಶಕರು ಸಾಮಾನ್ಯವಾಗಿ ಸಪ್ಪೆಯೆಂದು ಬದಿಗಿಡುತ್ತಾರೆ. ಯಾತ್ರಿಕನ ಹೆಂಡತಿ ಕ್ರಿಸ್ಟಿಯಾನಾ ಮಕ್ಕಳೊಂದಿಗೆ, ನೆರೆಮನೆಯ ಮರ್ಸಿಯೊಂದಿಗೆ ಹೊರಡುವ ಈ ಕಥೆಯಲ್ಲಿ ಕಾದಾಟವನ್ನೆಲ್ಲ ಮಹಾಧೀರನೆಂಬ ಮಾರ್ಗದರ್ಶಿಯೇ ವಹಿಸಿಕೊಳ್ಳುವುದರಿಂದ ಹೆಂಗಸರ ಸಂಕಟಕ್ಕೆ ಮೊದಲ ಭಾಗದ ಬಿಗುವು ಬರುವುದಿಲ್ಲ. ಈ ದೂರು ನ್ಯಾಯವಾದದ್ದು. ಆದರೆ ನಮ್ಮ ಪ್ರಶ್ನೆಗೆ ಈ ಭಾಗವೇ ಹೆಚ್ಚು ಫಲವತ್ತಾಗಿದೆ. ಯಾತ್ರಿಕ ರಕ್ತ ಸುರಿಸಿದ ದೀನತೆಯ ಕಣಿವೆ ಇವರಿಗೆ ಹಸುರು ಹುಲ್ಲುಗಾವಲಾಗಿ ಕಾಣುತ್ತದೆ. ಕುರಿ ಕಾಯುವ ಹುಡುಗನೊಬ್ಬ ಅಲ್ಲಿ ಹಾಡುತ್ತಿರುತ್ತಾನೆ. ಭಯಗ್ರಸ್ತನೆಂಬವನ ಕಥೆಯನ್ನು ಮಹಾಧೀರ ದಾರಿಯಲ್ಲಿ ಹೇಳುತ್ತಾನೆ. ಕೆಸರಿನ ದಡದಲ್ಲಿ ತಿಂಗಳಿಗೂ ಹೆಚ್ಚು ಕಾಲ ಬಿದ್ದಿದ್ದವನು, ಕೆಸರನ್ನು ದಾಟಿದ ಮೇಲೂ ಅದನ್ನು ಮನಸ್ಸಿನೊಳಗೆ ಹೊತ್ತು ನಡೆದವನು, ಬಾಗಿಲು ತಟ್ಟಲು ಹೆದರಿ ಹೊರಗೆ ನಡುಗುತ್ತ ನಿಂತವನು ಅವನು. ಅದೇ ಕಣಿವೆಯಲ್ಲಿ ಅವನು ನೆಲವನ್ನು ತಬ್ಬಿ ಹೂಗಳಿಗೆ ಮುತ್ತಿಡುತ್ತಾನೆ. ಅವನ ಭಯ ಕೊನೆಯವರೆಗೂ ಹೋಗುವುದಿಲ್ಲ. ಅವನು ನದಿಗೆ ಬಂದ ದಿನ ಮಾತ್ರ ನೀರು ಹಿಂದೆಂದೂ ಇಲ್ಲದಷ್ಟು ಇಳಿದಿತ್ತು, ಪಾದ ನೆನೆಯುವುದಕ್ಕಿಂತ ಹೆಚ್ಚಾಗಿರಲಿಲ್ಲ.

ಅದೇ ಗುಂಪಿನಲ್ಲಿ ಊರುಗೋಲುಗಳ ಮೇಲೆ ನಡೆಯುವ ಕುಂಟನೊಬ್ಬನಿದ್ದಾನೆ. ದಾರಿಯುದ್ದಕ್ಕೂ ಅವನ ಕಾಲು ಸರಿಹೋಗುವುದಿಲ್ಲ. ನಿರಾಶೆಯ ದೈತ್ಯ ಹತನಾಗಿ ದುರ್ಗ ಬಿದ್ದ ದಿನ ಒಂದು ಊರುಗೋಲನ್ನು ಹಿಡಿದುಕೊಂಡೇ ಅವನು ಕುಣಿಯುತ್ತಾನೆ, ಚೆನ್ನಾಗಿಯೇ ಕುಣಿದನೆಂದು ಬನ್ಯನ್ ಮೆಚ್ಚುತ್ತಾನೆ. ನದಿಯ ದಡದಲ್ಲಿ, ಆಚೆಯಲ್ಲಿ ರಥಗಳು ಕಾದಿರುವುದರಿಂದ ಇನ್ನು ಇವು ಬೇಡವೆನ್ನುತ್ತಾನೆ. ಅದಕ್ಕೆ ಮೊದಲೇ ಅವನು ಮರಣಶಾಸನ ಮಾಡಿಟ್ಟಿದ್ದಾನೆ: ಊರುಗೋಲುಗಳು, ತನ್ನ ಹೆಜ್ಜೆಯಲ್ಲಿ ನಡೆದು ಬರುವ ಮಗನಿಗೆ.